ನಜೀರ್ ಅಹ್ಮದರ ಹಾಡಿನ ಒಂದಕ್ಷರ

ಪಾರ್ಶ್ವವಾಯು ಬಡಿದ ಮೇಲೆ ನಜೀರ್ ಅಹ್ಮದರಿಗೆ ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ‘ಹೌದು’ ಎಂಬುದೊಂದೇ. ನೀರು ಬೇಕೇ ಎಂದರೂ ಹೌದು, ಬೇಡವೇ ಎಂದರೂ ಹೌದು. ಕೋಪ ಬಂದರೆ ಅದನ್ನೇ ಗಟ್ಟಿಯಾಗಿ ಕೂಗುತ್ತಿದ್ದರು. ಎಡಗೈಗೆ ಪೆನ್ಸಿಲ್ ಕೊಟ್ಟರೆ ಬರೀ ಗೀಚು ಮೂಡುತ್ತಿತ್ತು.

ಬೆಸಗರಹಳ್ಳಿಯವರು. ಮದ್ದೂರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಲೇ ನಾಟಕಗಳಿಗೆ ಹಾಡು ಬರೆದುಕೊಟ್ಟು, ಇಪ್ಪತ್ತೆರಡನೇ ವಯಸ್ಸಿಗೆ ಮದರಾಸಿನ ರೈಲು ಹತ್ತಿದ್ದರು. ಸಿನಿಮಾಕ್ಕೆ ಬರೆದ ಹನ್ನೊಂದು ಹಾಡುಗಳಲ್ಲಿ ಹತ್ತನ್ನು ಜನ ಮರೆತರು. ಒಂದು ಮಾತ್ರ ಇಂದಿಗೂ ಬಸ್ಸುಗಳಲ್ಲಿ, ಮದುವೆಮನೆಯ ಆರ್ಕೆಸ್ಟ್ರಾಗಳಲ್ಲಿ ಕೇಳಿಸುತ್ತದೆ. ಮದುವೆಯಾದ ನಾಲ್ಕೇ ತಿಂಗಳಿಗೆ ಊರಲ್ಲಿ ಬಿಟ್ಟುಹೋಗಿದ್ದ ಹೆಂಡತಿ ಖುರ್ಷೀದ್ ಬೇಗಂಗೆಂದೇ ಬರೆದ ಹಾಡು ಅದು: ‘ಹೊತ್ತು ಮುಳುಗಿದರೂ ಕಾದಿರು.’

ರೆಕಾರ್ಡಿಂಗ್ ದಿನ ನಜೀರ್ ಊಟಕ್ಕೆ ಹೋಗಿದ್ದಾಗ, ರಾಗಕ್ಕೆ ಒಂದಕ್ಷರ ಸಾಲದೆಂದು ಸಂಗೀತ ನಿರ್ದೇಶಕರು ‘ಕಾಯದಿರು’ ಎಂದು ಹಾಡಿಸಿಬಿಟ್ಟರು. ರೇಡಿಯೊದಲ್ಲಿ ಅದನ್ನು ಕೇಳಿದ ಖುರ್ಷೀದ್ ಎರಡು ದಿನ ಅನ್ನ ಮುಟ್ಟಲಿಲ್ಲ. ನಜೀರ್ ಊರಿಗೆ ಓಡಿಬಂದು ಸಮಾಧಾನ ಹೇಳಬೇಕಾಯಿತು. ಆಮೇಲೆ ಯಾರು ಆ ಹಾಡನ್ನು ಹೊಗಳಿದರೂ, “ಅಲ್ಲ ಸ್ವಾಮಿ, ಅದು ಕಾದಿರು” ಎಂದು ತಿದ್ದುತ್ತಿದ್ದರು. ಜನ ನಕ್ಕು ಸುಮ್ಮನಾಗುತ್ತಿದ್ದರು.

ಕಳೆದ ವರ್ಷ, ಗಂಡ ಹೆಂಡತಿ ಈಗಿರುವ ಗುತ್ತಲಿನ ಪಾರ್ಕಿನಲ್ಲಿ ಆ ಸಾಲನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆಂದು ಬಡಾವಣೆಯ ಸಂಘದ ಪುಟ್ಟಸ್ವಾಮಿ ಮನೆಗೆ ಬಂದರು. ಹಾಳೆಯಲ್ಲಿ ಬರೆದು ತಂದಿದ್ದನ್ನು ಓದಿದರು.

“ಅದು ಕಾದಿರು ಕಣಪ್ಪ. ಕಾಯದಿರು ಅಲ್ಲ,” ಎಂದರು ಖುರ್ಷೀದ್.

“ರೆಕಾರ್ಡಲ್ಲಿ ಇಂಗೇ ಅದೆ ಕಣಮ್ಮ. ನೂರು ಸಲ ಕೇಳಿವ್ನಿ.” ಪುಟ್ಟಸ್ವಾಮಿ ನಜೀರರತ್ತ ಬಾಗಿದರು. “ಸಾಬ್ರೇ, ಕಾಯದಿರು ಅಂತ್ಲೇ ಅಲ್ವಾ ನೀವು ಬರ್ದಿದ್ದು?”

ನಜೀರರ ಕತ್ತಿನ ನರ ಉಬ್ಬಿತು. “ಹೌದು! ಹೌದು!” ಎಂದು ಕೂಗಿ ಎಡಗೈಯಿಂದ ತೊಡೆಗೆ ಹೊಡೆದುಕೊಂಡರು.

“ನೋಡ್ರಮ್ಮ, ಏಟು ಖುಸಿಯಾಗವ್ರೆ!”

“ಖುಸಿ ಅಲ್ಲ ಕಣಪ್ಪ. ಅವ್ರಿಗೆ ಬರೋದೇ ಅದೊಂದು ಮಾತು.”

“ವಯಸ್ಸಾಯ್ತಲ್ಲ, ನಿಮಗೇ ಮರ್ತೋಗಿರ್ತದೆ ಬುಡಿ,” ಎಂದು ಪುಟ್ಟಸ್ವಾಮಿ ಪ್ರೀತಿಯಿಂದಲೇ ಹೇಳಿ ಎದ್ದರು. ಖುರ್ಷೀದ್ ಎರಡು ಸಲ ಅವರ ಮನೆಗೂ ಹೋಗಿ ಹೇಳಿ ಬಂದರು. ಕಲ್ಲು ಆಗಲೇ ಕೆತ್ತನೆಗೆ ಹೋಗಿತ್ತು.

ಅನಾವರಣದ ದಿನ ನಜೀರರನ್ನು ಗಾಲಿಕುರ್ಚಿಯಲ್ಲಿ ಕಲ್ಲಿನ ಪಕ್ಕಕ್ಕೆ ತಂದರು. ಅಂಗೈಯಗಲದ ಅಕ್ಷರಗಳು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈ ಚಾಚಿ ‘ಯ’ದ ಮೇಲಿಟ್ಟು ಒತ್ತಿದರು.

“ತಾತ, ಕೈ ತೆಗೀರಿ, ಅಕ್ಸರ ಮುಚ್ಕೊಂಡದೆ,” ಎಂದ ಫೋಟೊ ತೆಗೆಯುವವ.

ನಜೀರ್ ತೆಗೆಯಲಿಲ್ಲ. ಪುಟ್ಟಸ್ವಾಮಿ ಮೆಲ್ಲಗೆ ಬೆರಳು ಬಿಡಿಸಿ ಕೈಯನ್ನು ಅವರ ಮಡಿಲಿಗಿಟ್ಟರು.

“ತಡಿಯಪ್ಪ, ಅವ್ರೇನು ತೋರಿಸ್ತಾವ್ರೆ ನೋಡು,” ಎಂದು ಖುರ್ಷೀದ್ ಮುಂದೆ ಬರುವಷ್ಟರಲ್ಲಿ ಮೈಕಿನಲ್ಲಿ ಹಾಡು ಶುರುವಾಯಿತು. ನೆರೆದವರೆಲ್ಲ ದನಿಗೂಡಿಸಿದರು. ಎಲ್ಲರಿಗೂ ಬಾಯಿಪಾಠ. ‘ಕಾಯದಿರು’ ಬಂದ ಕಡೆ ಚಪ್ಪಾಳೆಯೂ ಬಿತ್ತು. ನಜೀರರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಸಾಹೇಬರಿಗೆ ಆನಂದಬಾಷ್ಪ ಬಂದಿದೆಯೆಂದು ಯಾರೋ ಮೈಕಿನಲ್ಲಿ ಹೇಳಿದರು.

ಖುರ್ಷೀದ್ ಗಂಡನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಆ ಗದ್ದಲದಲ್ಲಿ ಅದು ನಜೀರರಿಗೆ ಕೇಳಿಸಲಿಲ್ಲ. ಸೆರಗಿನಿಂದ ಅವರ ಮುಖ ಒರೆಸಿ, ಕುರ್ಚಿಯನ್ನು ತಿರುಗಿಸಿಕೊಂಡು, ತಿಂಡಿಗೂ ನಿಲ್ಲದೆ ಮನೆಯ ಕಡೆ ತಳ್ಳಿಕೊಂಡು ಹೊರಟರು.