ರುಜು ಹಾಕಿದ ಕೈ

ಮಂತ್ರಿಗಳಿಗೆ ರುಜು ಹಾಕುವುದೆಂದರೆ ಬೇಸರ. ಹಾಗಾಗಿ ಹನ್ನೊಂದು ವರ್ಷಗಳಿಂದ ಅವರ ರುಜುವನ್ನು ಆಪ್ತ ಕಾರ್ಯದರ್ಶಿಯೇ ಹಾಕುತ್ತಿದ್ದ. ಮೊದಮೊದಲು ಅಭಿನಂದನಾ ಪತ್ರಗಳಿಗೆ, ಆಮೇಲೆ ಕಡತಗಳಿಗೆ. ಕಲಿಯಲು ಒಂದು ವಾರ ಹಿಡಿಯಿತು; ನಾಚಿಕೆ ಬಿಡಲು ಅಷ್ಟೂ ಹಿಡಿಯಲಿಲ್ಲ. ಇಬ್ಬರ ನಡುವೆ ಒಂದು ಕಟ್ಟುಪಾಡಿತ್ತು: ಮಂತ್ರಿಗಳು ‘ಹೂಂ’ ಅನ್ನದೆ ಅವನು ಪೆನ್ನು ತೆಗೆಯಬಾರದು. ಅವನು ತೆಗೆದವನೂ ಅಲ್ಲ. ಸಾರ್ವಜನಿಕ ಜೀವನಕ್ಕೆ ಇಷ್ಟು ಪ್ರಾಮಾಣಿಕತೆ ಧಾರಾಳವಾಯಿತೆಂದು ಇಬ್ಬರೂ ನಂಬಿದ್ದರು.

ಆ ಬೆಳಿಗ್ಗೆ ಅವನ ಅಕ್ಕ ಫೋನ್ ಮಾಡಿದಳು. ಅವಳ ಬೀದಿಯ ನಲವತ್ತು ಮನೆಗಳಿಗೂ ನೋಟಿಸು ಅಂಟಿಸಿದ್ದಾರಂತೆ. ರಸ್ತೆ ಅಗಲ ಮಾಡಲು ಸಂಜೆ ನಾಲ್ಕಕ್ಕೆ ಕೆಡವುತ್ತಾರಂತೆ. ಅತ್ತು ಕರೆದು ಮಾಡುವ ಹೆಂಗಸಲ್ಲ ಅವಳು.

“ನಿಮ್ಮ ಸಾಹೇಬರ ರುಜು ಇದೆ ಕಣೋ. ನೀನು ನೋಡ್ಲೇ ಇಲ್ವಾ?”

ಅವನು ನೋಡಿರಲಿಲ್ಲ. ಕಡತ ತರಿಸಿದ. ರುಜುವಿನ ಬಾಲ, ಅಡಿಗೆರೆ, ಎಲ್ಲ ಅಚ್ಚುಕಟ್ಟು. ಹಿಡಿದುಕೊಂಡು ಒಳಕೋಣೆಗೆ ಹೋದ.

“ಇದನ್ನ ಯಾವಾಗ ಹಾಕಿದ್ಯಯ್ಯಾ?” ಎಂದರು ಮಂತ್ರಿಗಳು.

“ನಾನು ಹಾಕಿಲ್ಲ ಸಾರ್. ನೀವೇ ಹಾಕಿರಬೇಕು ಅಂದ್ಕೊಂಡೆ.”

“ನಾನು ಪೆನ್ನು ಹಿಡಿದು ಎಷ್ಟು ದಿನ ಆಯ್ತು ಅಂತ ನಿನಗೇ ಗೊತ್ತು.”

ಕೋಣೆಯಲ್ಲಿ ಮೂರನೆಯವರು ಯಾರೋ ಉಸಿರು ಬಿಗಿಹಿಡಿದು ಕುಳಿತಂತಿತ್ತು. ಖೋಟಾ ಎಂದರೆ ಪೊಲೀಸರು ಬರುತ್ತಾರೆ. ಬಂದವರು ಹಳೆಯ ಕಡತಗಳನ್ನೂ ಬಿಚ್ಚುತ್ತಾರೆ. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಆದೇಶವನ್ನು ರದ್ದು ಮಾಡಿದರಾಯಿತು ಎಂದರು ಮಂತ್ರಿಗಳು. ಇಂಥದ್ದನ್ನು ಕೈಯಾರೆ ಮಾಡಬೇಕೆಂದು ರದ್ದತಿ ಆದೇಶಕ್ಕೆ ತಾವೇ ರುಜು ಹಾಕಿ ಕಳಿಸಿದರು.

ಮೂರೂವರೆಗೆ ಅದು ವಾಪಸು ಬಂತು. ರುಜು ತಾಳೆಯಾಗುತ್ತಿಲ್ಲ, ಯಾರೋ ತಮ್ಮ ಹೆಸರು ಕೆಡಿಸಲು ಹೊರಟಿದ್ದಾರೆ, ಎಚ್ಚರವಿರಲಿ ಎಂದು ಇಲಾಖೆಯ ಅಧಿಕಾರಿ ಬಹಳ ವಿನಯದಿಂದ ಬರೆದಿದ್ದ. ಮಂತ್ರಿಗಳು ಎರಡು ಸಲ ಓದಿದರು. ಹೊಸ ಹಾಳೆಯನ್ನು ಕಾರ್ಯದರ್ಶಿಯ ಕಡೆ ಸರಿಸಿ, ‘ಹೂಂ’ ಎಂದರು.

ಅಕ್ಕ ಆಗಲೇ ಪಾತ್ರೆಗಳನ್ನು ಬೀದಿಗೆ ಸಾಗಿಸುತ್ತಿರಬಹುದು. ಅವನು ರದ್ದತಿ ಆದೇಶದ ಕೆಳಗೆ ಪೆನ್ನು ಊರಿದ. ರುಜು ಸಲೀಸಾಗಿ ಇಳಿಯಿತು. ಆದರೆ ಕೈ ನಿಲ್ಲಲಿಲ್ಲ. ಮೇಲಕ್ಕೆ ಹೋಗಿ ‘ರದ್ದುಪಡಿಸಿದೆ’ ಎಂಬುದನ್ನು ಹೊಡೆದುಹಾಕಿತು, ಪಕ್ಕದಲ್ಲಿ ‘ಕೂಡಲೇ ಜಾರಿಗೊಳಿಸಿ’ ಎಂದು ಬರೆಯಿತು, ತಿದ್ದುಪಡಿಗೆ ಹಾಕಬೇಕಾದ ಚಿಕ್ಕ ರುಜುವನ್ನೂ ಮರೆಯದೆ ಹಾಕಿತು. ಅವನು ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡ. ಅದರಲ್ಲೂ ಅದೇ ಆಯಿತು.

“ಸಾರ್, ಇದು ನಾನಲ್ಲ” ಎಂದ.

ಮಂತ್ರಿಗಳು ಅವನ ಮುಖ ನೋಡಲಿಲ್ಲ. ತಮಗಿಂತ ಮೇಲಿನವರು ಬಂದಾಗ ಏಳುವಂತೆ ಕುರ್ಚಿಯಿಂದೆದ್ದು, ತುಸು ಬಾಗಿ, ಆ ಕೈಗೆ ಹೇಳಿದರು:

“ತಮ್ಮ ಇಷ್ಟ.”

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಇಲಾಖೆಯ ಅಧಿಕಾರಿಗೆ ಹನ್ನೊಂದು ವರ್ಷದ್ದನ್ನೂ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ಅವನು ಬಾಗಿಲ ಕಡೆ ತಿರುಗಿದ. ಬಲಗೈ ಮೇಜಿನ ಅಂಚನ್ನು ಬಿಡಲಿಲ್ಲ.