ಒದ್ದೆ ಕಾರು ಬಿಟ್ಟು ಬರೋಲ್ಲ

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸು ತೊಳೆದು ನಿವೃತ್ತಳಾದ ಹೆಂಗಸು ತನಗೆಂದು ಒಂದು ಕಾರು ಕೊಂಡಳೆಂದರೆ ಬೀದಿಯವರು ಸುಮ್ಮನಿರುತ್ತಾರೆಯೇ? ‘ಓಡಿಸೋಕೆ ಬರಲ್ಲ, ತೊಳೆಯೋಕೆ ಬರುತ್ತೆ. ಅದಕ್ಕೇ ತಗೊಂಡಿದಾಳೆ’ ಎಂದು ನಕ್ಕರು. ಬೀದಿಗೆಲ್ಲ ಅವಳು ಡಿಪೋ ಅಕ್ಕ. ಆ ಮಾತು ಅವಳ ಕಿವಿಗೂ ಬಿತ್ತು. ಬಿದ್ದದ್ದನ್ನು ಅಲ್ಲೇ ಬಿಟ್ಟು ಅವಳು ಡ್ರೈವಿಂಗ್ ಕ್ಲಾಸಿಗೆ ಸೇರಿದಳು. ಆಗ ಅವಳಿಗೆ ಐವತ್ತೊಂಬತ್ತು.

ಕಾರು ಹೊಸದೇನಲ್ಲ, ಇಬ್ಬರ ಕೈ ದಾಟಿ ಬಂದದ್ದು. ಬಣ್ಣ ಕಡುಗಪ್ಪು. ‘ಕಪ್ಪು ಬೇಡಮ್ಮ, ಒಂದು ಹನಿ ನೀರು ಒಣಗಿದರೂ ಎದ್ದು ಕಾಣುತ್ತೆ’ ಎಂದು ಮಾರಿದವನೇ ಹೇಳಿದ್ದ. ‘ಕಾಣಲಿ ಬಿಡಿ, ಕಂಡರೆ ತಾನೇ ಒರೆಸೋದು’ ಎಂದಿದ್ದಳು ಡಿಪೋ ಅಕ್ಕ.

ಅವಳ ಅಣ್ಣ ನಿವೃತ್ತ ಹೆಡ್‌ಮಾಸ್ಟರು. ಶಾಲೆ ಬಿಟ್ಟು ಆರು ವರ್ಷವಾಗಿದ್ದರೂ ಶಾಲೆ ಅವನನ್ನು ಬಿಟ್ಟಿರಲಿಲ್ಲ; ಮನೆಯಲ್ಲಿ ಯಾರಾದರೂ ಎದುರು ಮಾತಾಡಿದರೆ ಕೈ ಬೆತ್ತ ಹುಡುಕುತ್ತಿತ್ತು. ಅಣ್ಣನ ಮಗನಿಗೆ ಆಗ ತಾನೇ ಊರಾಚೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅವಳ ಡ್ರೈವಿಂಗ್ ಪರೀಕ್ಷೆಗೆ ಒಂದು ವಾರವಿದ್ದಾಗ ಅವನು ‘ಅತ್ತೆ, ಒಂದೇ ಒಂದು ದಿನ’ ಎಂದು ಕಾರು ಒಯ್ದ. ತಂದು ನಿಲ್ಲಿಸಿದಾಗ ಅದರ ಮೈತುಂಬ ಬಿಳಿ ಉಂಗುರಗಳು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೋರ್ ನೀರು ಹೊಡೆದು, ಗಾಳಿಗೆ ಒಣಗಲಿ ಎಂದು ಬಿಟ್ಟಿದ್ದನಂತೆ. ‘ತೊಳೆದುಕೊಟ್ಟಿದೀನಲ್ಲ ಅತ್ತೆ’ ಎಂದು ಹಲ್ಲುಬಿಟ್ಟ.

ಲೈಸೆನ್ಸ್ ಪರೀಕ್ಷೆಯ ಹಿಂದಿನ ಸಂಜೆ ಡಿಪೋ ಅಕ್ಕ ಅವನಿಗೆ ಫೋನ್ ಮಾಡಿದಳು. ‘ನಾಳೆ ಹತ್ತೂವರೆಗೆ ಪರೀಕ್ಷೆ ಕಣೋ. ಕಚೇರಿವರೆಗೆ ನಾನೇ ಓಡಿಸ್ಕೊಂಡು ಹೋಗ್ತೀನಿ. ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರಬೇಕಂತೆ. ಬರ್ತೀಯಾ?’

‘ಬರ್ತೀನಿ’ ಎಂದವನು ಫೋನಿಟ್ಟ ಮೇಲೆ ಅಪ್ಪನಿಗೆ ಹೇಳಿದ.

ಬೆಳಿಗ್ಗೆ ಏಳಕ್ಕೆಲ್ಲ ಡಿಪೋ ಅಕ್ಕ ಸೀರೆ ಎತ್ತಿ ಕಟ್ಟಿ ಅಂಗಳಕ್ಕಿಳಿದಿದ್ದಳು. ಎಂಟೂವರೆಗೆ ಸೂರ್ಯ ಕಾಂಪೌಂಡ್ ಗೋಡೆ ಹತ್ತಿ ಇಣುಕುತ್ತಾನೆ, ಅಷ್ಟರೊಳಗೆ ಮುಗಿಯಬೇಕು. ಬಿಳಿ ಉಂಗುರಗಳಿಗೆ ವಿನೆಗರ್ ಮತ್ತು ನೀರನ್ನು ಸಮ ಬೆರೆಸಿ, ಅದರಲ್ಲಿ ಬಟ್ಟೆ ಅದ್ದಿ ಒಂದೊಂದರ ಮೇಲೂ ಒತ್ತಿ ಹಿಡಿದು ತೆಗೆದಳು. ಚಕ್ರಗಳನ್ನು ಬೇರೆ ಬಟ್ಟೆಯಲ್ಲಿ ಮೊದಲೇ ತೊಳೆದಿದ್ದಳು. ಸೋಪಿನ ನೀರಿಗೊಂದು ಬಕೆಟ್, ಸ್ಪಂಜು ಜಾಲಿಸಲು ಇನ್ನೊಂದು. ಮೇಲಿನಿಂದ ಕೆಳಕ್ಕೆ ಉಜ್ಜಿ, ಪೂರ್ತಿ ತೊಳೆದು, ಕಾರು ತೊಟ್ಟಿಕ್ಕುತ್ತಿರುವಾಗ ಗೇಟಿನ ಚಿಲಕ ಸದ್ದಾಯಿತು.

ಅಣ್ಣ, ಅವನ ಹಿಂದೆ ಅತ್ತಿಗೆ, ಅವಳ ಹಿಂದೆ ಮಗ. ಮೂವರೂ ಆಟೋದಿಂದ ಇಳಿದು ಬಂದಿದ್ದರು. ಅತ್ತಿಗೆಯ ಬಗಲಲ್ಲಿ ಯಾವತ್ತಿನ ಕಂದು ಚೀಲ. ಗಂಡನೊಂದಿಗೆ ಎಲ್ಲಿಗೆ ಹೋದರೂ ಆ ಚೀಲ ತಬ್ಬಿಕೊಂಡು ಒಂದು ಮೂಲೆಯಲ್ಲಿ ಕೂರುವುದು ಅವಳ ಪದ್ಧತಿ.

‘ಕೈ ತೊಳ್ಕೊಂಡು ಒಳಗೆ ಬಾ. ಸ್ವಲ್ಪ ಮಾತಾಡೋದಿದೆ’ ಎಂದ ಅಣ್ಣ.

‘ಇಲ್ಲೇ ಮಾತಾಡಣ್ಣ. ಒದ್ದೆ ಕಾರು ಬಿಟ್ಟು ನಾನು ಬರೋಲ್ಲ. ಈಗ ಒರೆಸದೆ ಹೋದ್ರೆ ಹನಿಹನೀನೂ ಕಲೆ ಆಗುತ್ತೆ.’

‘ಬಾ ಅಂದ್ರೆ ಬರಬೇಕು.’

‘ಮಾತಾಡು ಅಂತಿದೀನಲ್ಲ.’

ಅವಳು ಬಕೆಟ್ ಸರಿಸಿ, ಪೈಪಿನ ತುದಿಯ ಪಿಚಕಾರಿ ಕಳಚಿ, ಕಾರಿನ ತಲೆಯ ಮೇಲೆ ನೀರನ್ನು ಮೆಲ್ಲಗೆ ಹರಿಯಬಿಟ್ಟಳು. ಜೋರಾಗಿ ಹೊಡೆದರೆ ನೀರು ಸಿಡಿದು ಸಾವಿರ ಹನಿಯಾಗಿ ನಿಲ್ಲುತ್ತದೆ. ಹೀಗೆ ಬಿಟ್ಟರೆ ಹಾಳೆಯಂತೆ ಜಾರಿ, ಹನಿಗಳನ್ನೂ ಜತೆಗೆ ಎಳೆದುಕೊಂಡು ಇಳಿಯುತ್ತದೆ. ಕೊನೆಗೆ ಅಡುಗೆಮನೆಯ ಫಿಲ್ಟರ್ ನೀರು ಎರಡು ಕೊಡ. ‘ಕುಡಿಯೋ ನೀರನ್ನ ಕಾರಿಗೆ ಸುರೀತಾಳೆ’ ಎಂದ ಅಣ್ಣ ಹೆಂಡತಿಯ ಕಡೆ ತಿರುಗಿ.

‘ಬೋರ್ ನೀರಲ್ಲಿ ಸುಣ್ಣ ಇದೆ. ನೀರು ಆರಿ ಹೋಗುತ್ತೆ, ಸುಣ್ಣ ಉಳಿಯುತ್ತೆ’ ಎಂದಳು ಡಿಪೋ ಅಕ್ಕ, ತಿರುಗದೆ.

ಅವಳು ದೊಡ್ಡ ಟವೆಲನ್ನು ಕಾರಿನ ನೆತ್ತಿಯ ಮೇಲೆ ಹಾಸಿದಳು. ಎರಡು ಮೂಲೆ ಹಿಡಿದು ನಿಧಾನಕ್ಕೆ ತನ್ನತ್ತ ಎಳೆದಳು. ಹಿಂಡಿದಳು. ಮತ್ತೆ ಹಾಸಿದಳು. ಅಣ್ಣನಿಗೆ ಬೇರೆ ದಾರಿಯಿರಲಿಲ್ಲ. ಅವಳು ಬಾನೆಟ್ಟಿಗೆ ಬಂದರೆ ಅವನೂ ಬಾನೆಟ್ಟಿಗೆ ಬಂದ. ಎಡಗಡೆಯ ಬಾಗಿಲಿಗೆ ಹೋದರೆ ಅವನೂ ಚಪ್ಪಲಿ ನೆನೆಸಿಕೊಂಡು ಎಡಗಡೆಗೆ ಹೋದ.

‘ನೋಡು, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಈ ವಯಸ್ಸಲ್ಲಿ ಒಂಟಿ ಹೆಂಗಸು ರಸ್ತೆಗಿಳಿದು ಯಾರಿಗಾದ್ರೂ ಗುದ್ದಿದ್ರೆ? ಇವನು ದಿನಾ ಎರಡು ಬಸ್ ಬದಲಾಯಿಸಿ ಕೆಲಸಕ್ಕೆ ಹೋಗ್ತಾನೆ. ಕಾರು ನಮ್ಮನೇಲಿರಲಿ. ನಿನಗೆ ಎಲ್ಲಿಗಾದ್ರೂ ಹೋಗೋದಿದ್ರೆ ಒಂದು ಮಾತು ಹೇಳು, ಬಂದು ಕರ್ಕೊಂಡು ಹೋಗ್ತಾನೆ. ಎಲ್ಲರಿಗೂ ಅನುಕೂಲ. ನಾನಾಗ್ಲೇ ಅವನಿಗೆ ಹೇಳಿಯಾಗಿದೆ.’

‘ಅವನಿಗೆ ಹೇಳಿದ್ದು ಸರಿ. ನನ್ನ ಕೇಳಿದ್ದು ಯಾವಾಗ?’

‘ಈಗ ಕೇಳ್ತಿದೀನಲ್ಲ!’

‘ಈಗ ಹೇಳ್ತಿದೀನಿ. ಕೊಡಲ್ಲ.’

ಅಣ್ಣನ ಮೂಗಿನ ತುದಿ ಕೆಂಪಾಯಿತು. ಮಗ ಮಾತ್ರ ಬಾನೆಟ್ಟನ್ನು ಬಗ್ಗಿ ನೋಡುತ್ತಿದ್ದ. ತಾನು ಮಾಡಿದ್ದ ಬಿಳಿ ಉಂಗುರಗಳಲ್ಲಿ ಒಂದೂ ಇರಲಿಲ್ಲ. ಮುಜುಗರಕ್ಕೋ ಏನೋ, ಅಲ್ಲಿದ್ದ ಒಣ ಬಟ್ಟೆಯೊಂದನ್ನು ತೆಗೆದುಕೊಂಡು ಬಾಗಿಲನ್ನು ಗಸಗಸ ಉಜ್ಜತೊಡಗಿದ.

‘ಏಯ್, ಪಾತ್ರೆ ತಿಕ್ಕಿದ ಹಾಗೆ ತಿಕ್ಕಬೇಡ್ವೋ. ಗೀರು ಬೀಳುತ್ತೆ. ಒತ್ತಿ, ಎತ್ತು. ಕನ್ನಡಿ ಸಂದೀಲಿ ನೀರು ಅವಿತಿರುತ್ತೆ, ಅದನ್ನ ಮೊದಲು ತೆಗಿ. ಇಲ್ದಿದ್ರೆ ಹೊರಟ ಮೇಲೆ ಸೋರಿ ಬಾಗಿಲ ಮೇಲೆಲ್ಲ ಗೆರೆ ಎಳೆಯುತ್ತೆ.’

ಅವನು ಕನ್ನಡಿಯ ಸಂದಿಗೆ ಬಟ್ಟೆಯ ತುದಿ ತುರುಕಿದ. ನಿಜವಾಗಿಯೂ ಅರ್ಧ ಲೋಟ ನೀರು ಬಂತು. ‘ಅರೆ!’ ಎಂದ.

‘ನಾವು ಬಂದಿದ್ದು ಕಾರು ಒರೆಸೋಕಲ್ಲ!’ ಎಂದು ಅಣ್ಣ ಗುಡುಗಿದ. ‘ಹುಟ್ಟಿದಾರಭ್ಯ ಸ್ಟಿಯರಿಂಗ್ ಮುಟ್ಟದೋಳಿಗೆ ಈಗ್ಯಾಕೆ ಈ ಹುಚ್ಚು?’

ಡಿಪೋ ಅಕ್ಕ ಮೊದಲ ಬಾರಿಗೆ ಕೈ ನಿಲ್ಲಿಸಿದಳು.

‘ಮುಟ್ಟೋಕೆ ಬಿಟ್ಟಿರಲಿಲ್ಲ ಅಣ್ಣ. ಡಿಪೋದಲ್ಲಿ ಬಸ್ಸಿನ ಹಿಂದಿನ ಚಕ್ರ ಯಾವಾಗ್ಲೂ ಮೋರಿ ಜಾಲರಿ ಮೇಲೇ ಬಂದು ನಿಲ್ಲೋದು. ನೀರು ಇಳೀದೆ ಕಟ್ಕೊಳ್ಳೋದು. ತೊಳೀಬೇಕಂದ್ರೆ ಎರಡು ಮಾರು ಮುಂದೆ ತಗೋಬೇಕು. ಕೀಲಿ ಅಲ್ಲೇ ನೇತಾಡ್ತಿರೋದು. ನಾವು ಹೆಂಗಸರು ಮುಟ್ಟಿದ್ರೆ ಕೆಲಸ ಹೋಗುತ್ತೆ. ಕ್ಯಾಂಟೀನಿಗೆ ಓಡಬೇಕು. “ಅಣ್ಣಾ, ಒಂಚೂರು ಮುಂದೆ ತಗೊಳ್ಳಿ.” “ಬರ್ತೀನಿ ಹೋಗೇ, ಟೀ ಕುಡೀತಿದೀನಿ.” ಅವನು ಟೀ ಕುಡಿದು ಬರೋವಷ್ಟರಲ್ಲಿ ಸೋಪೆಲ್ಲ ಒಣಗಿ ಬಸ್ಸಿನ ಮೈತುಂಬ ಪಟ್ಟೆಪಟ್ಟೆ. ಬೈಸ್ಕೊಂಡಿದ್ದು ಯಾರು? ನಾನು. ಮೂವತ್ತೊಂದು ವರ್ಷ. ಎರಡು ಮಾರು ದೂರಕ್ಕೆ!’

ಅವಳ ದನಿ ಏರಿರಲಿಲ್ಲ. ಆದರೆ ಪಕ್ಕದ ಮನೆಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿಕೊಂಡವು.

‘ಅವರ ಟೀ ಮುಗೀಲಿ ಅಂತ ಕಾದಿದ್ದಾಯ್ತು. ಇನ್ನು ಇವನು ಬಿಡುವಾಗಿ ಬರಲಿ ಅಂತ ಕಾಯಲಾ? ಕಾಯಲ್ಲ.’

ಉತ್ತರ ಸಿಗದ ಮೇಷ್ಟ್ರು ಶಿಕ್ಷೆಗೆ ಇಳಿಯುತ್ತಾರೆ. ‘ಸರಿ ಹಾಗಾದ್ರೆ. ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂರದೆ ಗೇಟು ದಾಟೋ ಹಾಗಿಲ್ಲ ಅಲ್ವಾ? ಇವನು ಬರಲ್ಲ. ಹೋಗು ನೋಡೋಣ’ ಎಂದು ಅಣ್ಣ ಕೈಕಟ್ಟಿ ನಿಂತ.

ಮಗ ಬಟ್ಟೆ ಹಿಡಿದುಕೊಂಡು ಅಪ್ಪನನ್ನು ನೋಡಿದ, ಅತ್ತೆಯನ್ನು ನೋಡಿದ, ನೆಲ ನೋಡಿದ. ಡಿಪೋ ಅಕ್ಕ ಬಾಗಿಲುಗಳನ್ನು ಒಂದೊಂದಾಗಿ ತೆರೆದು, ಅಂಚಿನಲ್ಲಿ ನಿಂತ ನೀರು ತೆಗೆದಳು. ಡಿಕ್ಕಿ ಎತ್ತಿ ಅದರ ಕೆಳಗಿನ ಕಾಲುವೆ ಒರೆಸಿದಳು. ಬೀದಿಗೆ ಹೋಗಿ ಯಾರನ್ನಾದರೂ ಕೈಮುಗಿದು ಕರೆದರಾಯಿತು, ಇಲ್ಲವಾದರೆ ಕಾರು ತಳ್ಳಿಕೊಂಡೇ ಹೋದರಾಯಿತು ಎಂದುಕೊಂಡಳು.

ಆಗ ಮೆಟ್ಟಿಲ ಮೇಲೆ ಕೂತಿದ್ದ ಅತ್ತಿಗೆ ಚೀಲದ ಜಿಪ್ ಎಳೆದಳು. ಕನ್ನಡಕದ ಡಬ್ಬಿ, ಮಾತ್ರೆಯ ಚೀಟಿ, ಕರವಸ್ತ್ರ ಎಲ್ಲ ಆಚೆ ಬಂದವು. ಕೊನೆಗೆ ಒಂದು ಕಾರ್ಡು.

‘ನನ್ನ ಹತ್ರ ಇದೆ’ ಎಂದಳು.

‘ಏನದು?’ ಎಂದ ಅಣ್ಣ.

‘ಲೈಸೆನ್ಸು. ನಮ್ಮಪ್ಪನ ವ್ಯಾನ್ ಓಡಿಸ್ತಿದ್ದೆನಲ್ಲ, ಮದುವೆಗೆ ಮುಂಚೆ.’

‘ಅದು ಮುಗಿದು ಯಾವ ಕಾಲ ಆಯ್ತು!’

‘ಮುಗಿಯೋಕೆ ಬಿಟ್ಟಿಲ್ಲ. ಮುಗಿದಾಗೆಲ್ಲ ಹೋಗಿ ಹೊಸದು ಮಾಡಿಸ್ಕೊಂಡು ಬಂದಿದೀನಿ. ನೀವು ಶಾಲೇಲಿರ್ತಿದ್ರಿ.’

ಅಣ್ಣ ಬಗ್ಗಿ ಕಾರ್ಡಿನ ತಾರೀಕು ನೋಡಿದ. ಮಗ ಬೇರೆ ಕಡೆ ತಿರುಗಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

‘ನೀನು ಹೋಗೋ ಹಾಗಿಲ್ಲ’ ಎಂದ ಅಣ್ಣ ಕೊನೆಗೆ.

‘ಹತ್ತೂವರೆಗೆ ಅಲ್ವಾ?’ ಎಂದು ಅತ್ತಿಗೆ ನಾದಿನಿಯನ್ನು ಕೇಳಿದಳು. ‘ಹೋಗಿ ಸೀರೆ ಬದಲಾಯಿಸ್ಕೊಂಡು ಬಾ. ಉಳಿದ ಗಾಜು ನಾನು ಒರೆಸ್ತೀನಿ. ಒಣ ಬಟ್ಟೆ ತಾನೇ?’

‘ಒಣಗಿದ್ದೇ ಅತ್ತಿಗೆ. ಒಂದೇ ದಿಕ್ಕಿಗೆ ಎಳೀರಿ.’

ಒಂಬತ್ತೂಮುಕ್ಕಾಲಿಗೆ ಕಾರು ಗೇಟು ದಾಟಿತು. ಬಿಸಿಲು ಬಿದ್ದ ಕಡೆಯಲ್ಲೆಲ್ಲ ಮರ, ತಂತಿ, ಕಿಟಕಿಗಳು ಅದರ ಮೈಮೇಲೆ ಚೊಕ್ಕವಾಗಿ ಮೂಡಿ ಸರಿದುಹೋದವು. ಒಂದು ಕಲೆಯಿರಲಿಲ್ಲ. ತಿರುವಿನಲ್ಲಿ ಎಂಜಿನ್ ಎರಡು ಸಲ ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆದರು. ‘ಹೊಡ್ಕೊಳ್ಳಲಿ, ಅವರ ಬ್ಯಾಟರಿ’ ಎಂದಳು ಅತ್ತಿಗೆ.

ಪರೀಕ್ಷೆಯಲ್ಲಿ ಮುಂದಕ್ಕೆ ಓಡಿಸುವುದೆಲ್ಲ ಸಲೀಸಾಯಿತು. ಹಿಂದಕ್ಕೆ ತಗೊಳ್ಳುವಾಗ ಅಂಚಿಗೆ ನಿಲ್ಲಿಸಿದ್ದ ಒಂದು ಕಂಬಿ ಉರುಳಿತು. ಹಾಳೆಯ ಮೇಲೆ ಅಡ್ಡಗೆರೆ ಎಳೆದ ಅಧಿಕಾರಿ, ‘ಈ ವಯಸ್ಸಲ್ಲಿ ಯಾಕಮ್ಮ ಒದ್ದಾಡ್ತೀರಾ?’ ಎಂದ.

‘ಒದ್ದಾಡೋಳು ನಾನು, ಸುಸ್ತು ನಿಮಗಾ? ಮುಂದಿನ ತಾರೀಕು ಬರೀರಿ.’

ಅವನು ಬರೆದುಕೊಟ್ಟ. ಆ ತಾರೀಕಿನಂದು ಅವಳು ಪಾಸಾದಳು, ಕಂಬಿಗಳೆಲ್ಲ ನಿಂತಲ್ಲೇ ನಿಂತಿದ್ದವು. ಅಣ್ಣ ಎರಡು ತಿಂಗಳು ಮಾತು ಬಿಟ್ಟ. ಅಣ್ಣನ ಮಗ ವಾರಕ್ಕೊಮ್ಮೆ ಕಾರು ಕೇಳಿ ಒಯ್ಯುತ್ತಾನೆ, ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ತೊಳೆದು ಒರೆಸಿ ತಂದು ನಿಲ್ಲಿಸುತ್ತಾನೆ. ಕೀಲಿ ಡಿಪೋ ಅಕ್ಕನ ಮನೆಯ ಮೊಳೆಯ ಮೇಲೇ ಇದೆ.

ಆದರೆ ಅವಳು ನೆನೆಸಿಕೊಂಡು ನಗುವುದು ಪಾಸಾದ ದಿನವನ್ನಲ್ಲ, ಫೇಲಾದ ದಿನವನ್ನು. ಕಚೇರಿಯಿಂದ ಹೊರಬಂದವಳು ಡ್ರೈವರ್ ಸೀಟು ಬಿಟ್ಟು ಎಡಗಡೆಯ ಬಾಗಿಲು ತೆರೆದಳು. ಅತ್ತಿಗೆ ಅದನ್ನು ನೋಡಿ, ಚೀಲವನ್ನು ಹಿಂದಿನ ಸೀಟಿಗೆ ಎಸೆದು, ‘ಸ್ವಲ್ಪ ದೂರ ನಾನು ಓಡಿಸ್ಲಾ?’ ಎಂದಳು.

ಮೊದಲ ಎರಡು ಗೇರಿಗೆ ಗರಗರ ಸದ್ದು ಬಂತು. ಆಮೇಲೆ ಕೈಗೆ ಹಳೆಯದೆಲ್ಲ ನೆನಪಾಯಿತು. ದೊಡ್ಡ ರಸ್ತೆ ಮುಗಿದು ಅತ್ತಿಗೆಯ ಮನೆಯ ಬೀದಿ ಬಂತು. ಅಷ್ಟರಲ್ಲಿ ಆಟೋದಲ್ಲಿ ಮನೆ ಸೇರಿದ್ದ ಅಣ್ಣ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಕಪ್ಪು ಕಾರು ಕಂಡು ಎದ್ದು ನಿಂತ.

‘ಅತ್ತಿಗೆ, ನಿಮ್ಮನೆ ಬಂತು. ಇಳಿಯಲ್ವಾ?’

‘ಅಡುಗೆ ಮಾಡಿಟ್ಟು ಬಂದಿದೀನಿ. ಬಡಿಸ್ಕೊಂಡು ತಿನ್ನಲಿ’ ಎಂದು ಅತ್ತಿಗೆ ಗೇರು ಬದಲಿಸಿದಳು.