ಅಮಾವಾಸ್ಯೆಯ ಲೈನು

"ತೆಗೀಲೇನ್ರಿ ಮೇಡಂ?" ಎಂದು ಕೇಳಿದ ಲೈನ್‌ಮನ್ ಸುಂಕೇಶ. ಅವನ ಎರಡು ಬೆರಳು ಆಗಲೇ ಹಳೆಯ ವೈರಿನ ಮೇಲಿದ್ದವು.

ಸುಷ್ಮಾ ಗಡಿಯಾರ ನೋಡಿದಳು, ಲ್ಯಾಪ್‌ಟಾಪ್ ನೋಡಿದಳು, ಕೊನೆಗೆ ಮೇಜಿನ ಮೇಲಿದ್ದ ಮಾಸಲು ಬಿಳಿ ಫೋನಿನತ್ತ ನೋಡಿದಳು. ಆದೋನಿಯ ಹೊರವಲಯದ ಆ ಹೆರಿಗೆ ಆಸ್ಪತ್ರೆಯಿಂದ ಗರ್ಭಿಣಿಯರ ಗಾಡಿ ಹೊರಡುವುದು ಆ ಫೋನಿಗೆ ಕರೆ ಬಂದರೆ ಮಾತ್ರ. ಅದರ ನಂಬರನ್ನು ಸುತ್ತಲಿನ ಹಳ್ಳಿಗಳ ಗೋಡೆಗಳ ಮೇಲೆಲ್ಲ ನೀಲಿ ಬಣ್ಣದಲ್ಲಿ ಬರೆಸಿದ್ದರು. ಬೆಳಗಿನಿಂದ ಅದು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

"ತೆಗಿ," ಎಂದಳು.

ಸುಂಕೇಶ ವೈರು ಕಿತ್ತು ಪಕ್ಕಕ್ಕಿಟ್ಟು, ಹೊಸ ಕಂಪನಿಯ ಕರಿ ಪೆಟ್ಟಿಗೆಗೆ ಹೊಸ ವೈರು ಸಿಗಿಸಿದ. ಹಸಿರು ದೀಪ ಹತ್ತಿತು. ಅಲ್ಲಿಂದಲೇ ತನ್ನ ಮೊಬೈಲಿಗೆ ಫೋನು ಮಾಡಿ, "ಕಾಲ್ ಹೋಗತಾವರಿ. ಬರೋದು ಮಾತ್ರ ಸಂಜೀಕ," ಎಂದ.

ಅದು ಸುಷ್ಮಾಳಿಗೆ ಗೊತ್ತಿದ್ದದ್ದೇ. ಸರಕಾರಿ ಕಚೇರಿಗಳಿಗೆ ಫೋನು, ಇಂಟರ್‌ನೆಟ್ ಕೊಡುತ್ತಿದ್ದ ಹಳೆಯ ಕಂಪನಿಯ ಗುತ್ತಿಗೆ ಇವತ್ತಿಗೆ ಮುಗಿಯುತ್ತಿತ್ತು. ಆದೋನಿ ವಿಭಾಗದ ಕಚೇರಿಗಳನ್ನೆಲ್ಲ ಒಂದೊಂದಾಗಿ ಹೊಸ ಕಂಪನಿಗೆ ದಾಟಿಸುವ ಯೋಜನೆ ಅವಳದು. ವರ್ಷದ ಕರಾರಿನ ಮೇಲೆ ಅವಳನ್ನು ತೆಗೆದುಕೊಂಡದ್ದೂ ಅದಕ್ಕೇ. ಇಂಥ ಯೋಜನೆಯನ್ನು ಬೇರೆಯವರು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಸುಷ್ಮಾ ಕಂಪ್ಯೂಟರಿನ ಪಕ್ಕ ಪಂಚಾಂಗವನ್ನೂ ಇಟ್ಟುಕೊಂಡಿದ್ದಳು. ಒಳ್ಳೆಯ ದಿನ ನೋಡಿ ಜನ ಮುಗಿಬೀಳುವ ನೋಂದಣಿ ಕಚೇರಿಯನ್ನು ಕೆಟ್ಟ ವಾರದಲ್ಲಿ ದಾಟಿಸಿದಳು. ಹತ್ತಿ ಮಾರುಕಟ್ಟೆಯನ್ನು ಹೋದ ತಿಂಗಳ ಅಮಾವಾಸ್ಯೆಯಂದು. ಅವತ್ತು ಆದೋನಿಯ ಹತ್ತಿ ವ್ಯಾಪಾರಿ ತಕ್ಕಡಿ ಮುಟ್ಟುವುದಿಲ್ಲ ಎಂಬುದನ್ನು ಎಮ್ಮಿಗನೂರಿನ ಹತ್ತಿ ವ್ಯಾಪಾರಿಯ ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕರ್ನೂಲಿನ ಮೇಲಧಿಕಾರಿ ಸೋಮೇಶ್ ಮೀಟಿಂಗಿನಲ್ಲಿ ಅವಳನ್ನು 'ಪಂಚಾಂಗದ ಮೇಡಂ' ಎಂದು ಛೇಡಿಸಿದ್ದರು. ಎಲ್ಲರೂ ನಕ್ಕಿದ್ದರು. ನಕ್ಕರೇನಂತೆ, ಅವಳು ದಾಟಿಸಿದ ಒಂದು ಕಚೇರಿಯಿಂದಲೂ ದೂರು ಬಂದಿರಲಿಲ್ಲ.

ಉಳಿದದ್ದು ಈ ಹೆರಿಗೆ ಆಸ್ಪತ್ರೆ. ಇದಕ್ಕೂ ಅವಳು ಅಮಾವಾಸ್ಯೆಯನ್ನೇ ಹಿಡಿದಿದ್ದಳು. ಹಳೆಯ ಲೈನು ಕಿತ್ತ ಮೇಲೆ ಹಳೆಯ ನಂಬರು ಹೊಸ ಲೈನಿಗೆ ಬಂದು ಕೂರಲು ಕೆಲವು ತಾಸು ಬೇಕು. ಅಲ್ಲಿಯವರೆಗೆ ಹೊರಗಿನವರು ಎಷ್ಟು ಸಲ ಮಾಡಿದರೂ ಇಲ್ಲಿ ಫೋನು ಬಡಿದುಕೊಳ್ಳುವುದಿಲ್ಲ. ಯಾರೂ ಮನಸಾರೆ ಆಸ್ಪತ್ರೆಯ ಮೆಟ್ಟಿಲು ಹತ್ತದ ದಿನಕ್ಕಿಂತ ಅದಕ್ಕೆ ಒಳ್ಳೆಯ ದಿನ ಯಾವುದಿದ್ದೀತು? ಈ ಲೆಕ್ಕಾಚಾರದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

"ಚಲೋ ದಿನಾ ಹಿಡದೀರಿ ಬಿಡ್ರಿ," ಎಂದಳು ಫೋನಿನ ಮುಂದೆ ಕೂತಿದ್ದ ನರ್ಸ್ ದಸ್ತಗಿರಮ್ಮ. "ಬೆಳಿಗ್ಗಿಂದ ಚೀಟಿ ಕೌಂಟರಿನ್ಯಾಗ ನೊಣ ಅಷ್ಟ ಅದಾವ." ಹೊರಗೆ ಬೇವಿನ ಮರದ ಕೆಳಗೆ ಡ್ರೈವರ್ ಆಂಜನೇಯ ಆಂಬುಲೆನ್ಸಿನ ಕಿಟಕಿಯಿಂದ ಕಾಲು ಹೊರಚಾಚಿ ನಿದ್ದೆ ಹೋಗಿದ್ದ.

ಅಷ್ಟರಲ್ಲಿ ಸೋಮೇಶರ ಫೋನು ಬಂತು. "ಅಯಿಪೋಯಿಂದಾ ಅಮ್ಮಾ, ಮುಗೀತಾ? ನಾಲ್ಕಕ್ಕ ಕಲೆಕ್ಟರ್ ಮೀಟಿಂಗ್ ಐತಿ. ಜಿಲ್ಲೆದಾಗ ಆದೋನೀನ ಫಸ್ಟ್ ಅಂತ ಹೇಳ್ತೀನಿ. ನಿನ್ನ ರಿನ್ಯೂವಲ್ ಫೈಲೂ ಇವತ್ತ ಒಳಗ ಹೋಗ್ತೈತಿ." ಸುಷ್ಮಾಳ ಎದೆ ಹಗುರಾಯಿತು. ಇನ್ನೊಂದು ವರ್ಷ ಕೆಲಸ ಗಟ್ಟಿ.

ಆ ಫೋನು ಇಟ್ಟ ಬೆನ್ನಿಗೇ ಎಮ್ಮಿಗನೂರಿನಿಂದ ತಾಯಿ ಗುರುಶಾಂತಮ್ಮನ ಫೋನು ಬಂತು.

"ಸುಷ್ಮಾ, ಗಾಬರಿ ಆಗಬ್ಯಾಡ. ಮಹಾಲಕ್ಷ್ಮಿಗೆ ಬ್ಯಾನಿ ಸುರು ಆಗ್ಯಾವ."

ಮಹಾಲಕ್ಷ್ಮಿ ಸುಷ್ಮಾಳ ಅಣ್ಣ ಹಾಲೇಶನ ಹೆಂಡತಿ. ಚೊಚ್ಚಲು. "ಹೌದಾ? ಆಸ್ಪತ್ರಿಗೆ ಯಾವಾಗ ಕರ್ಕೊಂಡು ಹೋದ್ರಿ?"

"ಹೋಗಿಲ್ಲವ್ವ. ಇವತ್ತ ಅಮಾಸಿ ಅಲ್ಲ? ಸಂಜೀಕ ತಿಥಿ ಹೋಗ್ತೈತಿ. ಅಲ್ಲೀತನ ತಡಕೋ ಅಂದೀವಿ. ಬೆಳಿಗ್ಗಿಂದ ತಡ್ಕೊಂಡಾಳ ನೋಡು, ಶಾಣ್ಯಾಕಿ."

"ಬೆಳಿಗ್ಗಿಂದ? ನೀರು ಹೋಗ್ಯಾವೇನು?"

"ಹೋಗ್ಯಾವ. ಅದಕ್ಕ ನಿನಗ ಫೋನ್ ಹಚ್ಚೀನಿ."

"ಅವ್ವಾ, ಈಗಿಂದೀಗ ಕಾರ್ ತೆಗಿಸು! ಅಣ್ಣ ಎಲ್ಲಿ?"

"ಅಂಗಡಿ ಪೂಜಾಕ್ಕ ಕುಂತಾನ..."

"ಎಬ್ಬಿಸು! ತಿಥಿ ಗಿಥಿ ಆಮ್ಯಾಲೆ ನೋಡೋಣ, ಮೊದಲು ಆಕೀನ ಕಾರಿನ್ಯಾಗ ಕುಂದ್ರಿಸು!"

ಕೂಗಾಟಕ್ಕೆ ದಸ್ತಗಿರಮ್ಮ ಎದ್ದು ನಿಂತಿದ್ದಳು. ಸುಷ್ಮಾ ಮೊಬೈಲು ಕೆಳಗಿಟ್ಟಳು. ಸಿಟ್ಟು ಅವ್ವನ ಮೇಲಿತ್ತು. ಆದರೆ ಮೇಜಿನ ಮೇಲಿದ್ದ ಬಿಳಿ ಫೋನು ಕಣ್ಣಿಗೆ ಬಿದ್ದದ್ದೇ ತಡ, ಆ ಸಿಟ್ಟು ತಿರುಗಿ ತನ್ನ ಮೇಲೇ ಬಂತು.

ಡಿಗ್ರಿ ಓದಿದ ಸೊಸೆ, ಬಾಗಿಲಲ್ಲಿ ಕಾರು ಇರುವ ತನ್ನ ಮನೆಯಲ್ಲೇ ಹೀಗೆ. ಹಾಗಿದ್ದರೆ ಇವತ್ತು ಈ ಸುತ್ತಿನ ಹಳ್ಳಿಗಳಲ್ಲಿ ಇನ್ನೆಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಸೆರಗು ಕಚ್ಚಿಕೊಂಡು ತಡೆದು ಕೂತಿದ್ದಾರೋ. ಬೆಳಿಗ್ಗೆ ತಾವಾಗಿಯೇ ಬಸ್ಸು ಹತ್ತಿ ಬರಬಹುದಾಗಿದ್ದವರು ಇನ್ನು ಆಗುವುದಿಲ್ಲ ಅನ್ನಿಸಿದಾಗ ಗೋಡೆಯ ಮೇಲಿನ ನಂಬರಿಗೆ ಫೋನು ಮಾಡುತ್ತಾರೆ. ಅದೂ ಈ ಹೊತ್ತಿನಲ್ಲೇ. ಆಸ್ಪತ್ರೆಯ ಬೆಂಚು ಖಾಲಿ ಇರುವ ದಿನವನ್ನೇನೋ ಅವಳು ಹುಡುಕಿದ್ದಳು. ಬೆಂಚು ಏಕೆ ಖಾಲಿ ಇರುತ್ತದೆ ಎಂದು ಯೋಚಿಸಿರಲಿಲ್ಲ.

"ಸುಂಕೇಶ, ಹಳೇ ವೈರ್ ಸಿಗಸು."

"ಸಿಗಸೋದು ಚಿಟಕಿ ಕೆಲಸರಿ," ಎಂದ ಸುಂಕೇಶ, ಅವಳ ಮುಖವನ್ನೇ ನೋಡುತ್ತ. "ಆದ್ರ ಅತ್ತಾಗ ಎಕ್ಸ್‌ಚೇಂಜಿನ್ಯಾಗ ಕಡದಬಿಟ್ಟಿರ್ತಾರ. ಸಾಹೇಬ್ರ ಆರ್ಡರ್ ಇಲ್ದ ಮತ್ತ ಜೋಡಸಂಗಿಲ್ಲ."

ಸುಷ್ಮಾ ಸೋಮೇಶರಿಗೆ ಫೋನು ಹಚ್ಚಿದಳು. ವಿಷಯ ಕೇಳಿ ಅವರ ದನಿ ಬಿಗಿಯಾಯಿತು.

"ಬೆಳಿಗ್ಗಿಂದ ಎಷ್ಟು ಕಾಲ್ ಬಂದಾವಮ್ಮಾ?"

"ಒಂದೂ ಬಂದಿಲ್ಲ ಸಾರ್."

"ಮತ್ತ? ಇನ್ನೇನು ಪ್ರಾಬ್ಲಂ?"

"ಇನ್ನ ಮ್ಯಾಲೆ ಬರ್ತಾವ ಸಾರ್. ಇಷ್ಟೊತ್ತು ತಡ್ಕೊಂಡಿರ್ತಾರ."

"ಇದೂ ಪಂಚಾಂಗದಾಗ ಐತೇನು?" ಎಂದು ಸೋಮೇಶ್ ನಗಲು ನೋಡಿದರು, ನಗು ಬರಲಿಲ್ಲ. "ನೋಡಮ್ಮಾ, ಇವತ್ತಿಗೆ ಹಳೇ ಗುತ್ತಿಗೆ ಖಲಾಸ್. ಈಗ ವಾಪಸ್ ಹೋದ್ರ ಹೊಸದಾಗಿ ಅರ್ಜಿ ಹಾಕಬೇಕು, ದಂಡ ಕಟ್ಟಬೇಕು. ಕಲೆಕ್ಟರ್ ಮುಂದ ನಾನೇನು ಹೇಳ್ಲಿ? ಎರಡು ತಾಸು ತಾಳು. ನಾನಂತೂ ಆರ್ಡರ್ ಕೊಡಂಗಿಲ್ಲ. ನಿನ್ನ ಫೈಲೂ ನೆನಪಿರ್ಲಿ." ಅವರು ಕೆಟ್ಟ ಮನುಷ್ಯರೇನಲ್ಲ. ಅವರ ಮೇಲೂ ಒಬ್ಬರಿದ್ದರು, ಆ ಒಬ್ಬರ ಮೇಲೆ ಇನ್ನೊಬ್ಬರಿದ್ದರು.

ಎರಡು ತಾಸು ತಾಳು. ಇಂಥದೇ ಮಾತನ್ನು ಅವ್ವ ಮಹಾಲಕ್ಷ್ಮಿಗೆ ಹೇಳಿದ್ದಳು. ಸುಷ್ಮಾ ಎಕ್ಸ್‌ಚೇಂಜಿಗೆ ಫೋನು ಮಾಡಿದಳು. ಹಳೆಯ ಕಂಪನಿಯ ಜಂಬಯ್ಯ ಎತ್ತಿಕೊಂಡ.

"ಹೆರಿಗಿ ಆಸ್ಪತ್ರಿ ಲೈನ್ ವಾಪಸ್ ಜೋಡಸ್ರಿ. ಜಲ್ದಿ."

"ಈಗ ಕಡದೀನಲ್ಲಮ್ಮಾ! ಆರ್ಡರ್ ಯಾರ್ದು?"

"ನಂದು."

"ನೀವು ಯಾರು?"

ಯಾರೆಂದು ಹೇಳಬೇಕು? "ಇವತ್ತ ಕಡೀರಿ ಅಂತ ಪ್ಲಾನ್ ಮಾಡಿದಾಕಿ," ಎಂದಳು.

ಜಂಬಯ್ಯ ದನಿ ತಗ್ಗಿಸಿದ. "ನಿಮ್ಮ ಹೆಸರಾಗ ಒಂದು ಮೇಲ್ ಹಾಕ್ರಿ. ನನ್ನ ಯಾರರ ಕೇಳಿದ್ರ ಅದನ್ನ ತೋರಸ್ತೀನಿ."

ಅವಳು ನಿಂತುಕೊಂಡೇ ಟೈಪು ಮಾಡಿದಳು. ದಾಟಿಸುವ ಕೆಲಸ ನಿಲ್ಲಿಸಿದೆ, ಹಳೆಯ ಲೈನು ಮರಳಿ ಕೊಡಿ, ಹೊಣೆ ನನ್ನದು. ಸೋಮೇಶರಿಗೂ ಒಂದು ಪ್ರತಿ ಕಳಿಸಿದಳು. ಕೆಲಸ ಹೋಯಿತು ಅಂತಲೇ ಅಂದುಕೊಂಡಳು.

ಸುಂಕೇಶ ಕರಿ ಪೆಟ್ಟಿಗೆಯ ವೈರು ಕಿತ್ತು ಹಳೆಯದನ್ನು ಸಿಗಿಸಿದ. ದಸ್ತಗಿರಮ್ಮ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು ತಲೆಯಾಡಿಸಿದಳು. ಇಲ್ಲ. ಮತ್ತೆ ಎತ್ತಿದಳು. ಇನ್ನೂ ಇಲ್ಲ. ಹಾಲೇಶನ ಮೆಸೇಜು ಬಂತು: ಆಸ್ಪತ್ರೆ ಮುಟ್ಟಿದೆವು, ಒಳಗೆ ಕರೆದುಕೊಂಡು ಹೋದರು. ಸುಷ್ಮಾ ಕಣ್ಣೊರೆಸಿಕೊಂಡಳು. ಅವಳ ಮನೆಯವರಿಗೆ ಅವಳ ಮೊಬೈಲ್ ನಂಬರು ಗೊತ್ತಿತ್ತು. ಉಳಿದವರಿಗೆ ಗೊತ್ತಿದ್ದದ್ದು ಗೋಡೆಯ ಮೇಲಿನದು.

ಹೊರಗೆ ಎದ್ದು ಕೂತ ಆಂಜನೇಯ, "ಯಾಕ್ರಿ, ಏನಾತು?" ಎಂದು ಕೇಳುತ್ತಿರುವಾಗಲೇ ಹತ್ತಿ ಮೂಟೆ ಸಾಗಿಸುವ ಗೂಡ್ಸ್ ಆಟೋ ಒಂದು ಗೇಟಿನೊಳಗೆ ಧೂಳೆಬ್ಬಿಸಿಕೊಂಡು ನುಗ್ಗಿತು. ಹಿಂಬದಿಯಲ್ಲಿ ಕೌದಿಯ ಮೇಲೆ ಒಬ್ಬ ಹುಡುಗಿ ಮಲಗಿದ್ದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ವಯಸ್ಸಾದ ಹೆಂಗಸು ಒಂದು ಕೈಯಿಂದ ಮೊಬೈಲನ್ನು ಕಿವಿಗೆ ಒತ್ತಿಕೊಂಡಿದ್ದಳು. ದಸ್ತಗಿರಮ್ಮ ಸ್ಟ್ರೆಚರ್ ತಳ್ಳಿಕೊಂಡು ಓಡಿದಳು. ಆಂಜನೇಯ ಬರಿಗಾಲಲ್ಲೇ ಹಿಂದೆ ಓಡಿದ.

ಆಗ ಬಿಳಿ ಫೋನು ಬಡಿದುಕೊಂಡಿತು.

ಸುಷ್ಮಾ ಎತ್ತಿಕೊಂಡಳು. "ಹಲೋ!"

"ಎತ್ತಿದ್ರೇನವ್ವಾ! ಎತ್ತಿದ್ರಾ!" ಆ ಕೂಗು ಗೇಟಿನ ಕಡೆಯಿಂದ ಒಮ್ಮೆ ಕೇಳಿಸಿತು, ಕಿವಿಯೊಳಗೆ ಇನ್ನೊಮ್ಮೆ ಕೇಳಿಸಿತು. "ಊರಾಗಿಂದ ಹಚ್ಚೀನಿ, ದಾರಿ ತುಂಬ ಹಚ್ಚೀನಿ, ಈಗ ಎತ್ತೀರಲ್ಲವ್ವಾ! ನಮ್ಮ ಹಾರಿಕಾಗ ಭಾಳ ರಗತ ಹೊಂಟೈತಿ, ಗಾಡಿ ಕಳಸ್ರಿ... ಅಯ್ಯ, ಬಂದ್ವಿ, ಇಲ್ಲೇ ಬಂದ್ವಿ!"

"ಇಲ್ಲೇ ಅದೀನಮ್ಮಾ, ಒಳಗ ಕರ್ಕೊಂಡು ಬರಾಕ ಹತ್ಯಾರ," ಎಂದಳು ಸುಷ್ಮಾ. ಆ ಹೆಂಗಸು ಆಗಲೇ ಮೊಬೈಲನ್ನು ಹಾಗೇ ಸೊಂಟಕ್ಕೆ ಸಿಗಿಸಿಕೊಂಡು ಸ್ಟ್ರೆಚರ್ ಹಿಡಿದು ಓಡುತ್ತಿದ್ದಳು. ಫೋನಿನಲ್ಲಿ ಗಾಲಿಗಳ ಸದ್ದು ಬಂತು, ಬಾಗಿಲು ಬಡಿದ ಸದ್ದು ಬಂತು, ದಸ್ತಗಿರಮ್ಮ ಡಾಕ್ಟರನ್ನು ಕೂಗಿದ್ದು ಬಂತು. ಆಮೇಲೆ ಬರೀ ಒಬ್ಬರ ಏದುಸಿರು. ಸುಷ್ಮಾ ಉಸಿರು ಹಿಡಿದು ಕೇಳುತ್ತ ನಿಂತಳು. ಇನ್ನೊಂದು ಸಣ್ಣ ದನಿ, ಬರೀ ಒಂದು ಅಳು ಕೇಳಿಸಲಿ ಎಂದು ಅವಳು ಬೇಡುತ್ತಿದ್ದಳು.

"ಇಡ್ರಿ ಮೇಡಂ," ಎಂದ ಸುಂಕೇಶ ಮೆಲ್ಲಗೆ. "ಬ್ಯಾರೇದೋರು ಹಚ್ಚತಿರ್ತಾರ. ಎಂಗೇಜ್ ಬರತೈತಿ ಅವರಿಗೆ."

ಅವಳು ಇನ್ನೂ ಒಂದು ಕ್ಷಣ ಕಿವಿಗೊಟ್ಟಳು. ಆಮೇಲೆ ರಿಸೀವರನ್ನು ಇಟ್ಟಳು. ಕೈ ತೆಗೆಯುವ ಮೊದಲೇ ಅಂಗೈ ಕೆಳಗೆ ಫೋನು ಮತ್ತೆ ಬಡಿದುಕೊಂಡಿತು.